ಯಾವ ವರ್ಷದ ಸ್ಕಾಟ್ಸ್‌ಮನ್? ಒಂದು ಉಗಿ ಎಂಜಿನ್ನಿನ ಜೀರ್ಣೋದ್ಧಾರದ ಪ್ರಕರಣ

2016ರ ಫೆಬ್ರುವರಿ 25ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕ್ ನಗರಕ್ಕೆ ಒಂದು ಉಗಿ ರೈಲು ಹೊರಟಿತು. ದಾರಿಯುದ್ದಕ್ಕೂ ಹೊಲದ ಬದುಗಳಲ್ಲಿ, ಸೇತುವೆಗಳ ಮೇಲೆ ಜನವೋ ಜನ. ಸೇಂಟ್ ನಿಯೋಟ್ಸ್ ಬಳಿ ಕೆಲವರು ಆಸೆ ತಡೆಯಲಾರದೆ ಹಳಿಗೇ ಇಳಿದುಬಿಟ್ಟಿದ್ದರಿಂದ ರೈಲು ನಿಲ್ಲಬೇಕಾಯಿತು. ಎಂಜಿನ್ನಿನ ಹೆಸರು ಫ್ಲೈಯಿಂಗ್ ಸ್ಕಾಟ್ಸ್‌ಮನ್. ಹತ್ತು ವರ್ಷ ಹಿಡಿದ, 42 ಲಕ್ಷ ಪೌಂಡ್ ನುಂಗಿದ ದುರಸ್ತಿ ಮುಗಿಸಿಕೊಂಡು ಅದು ಮುಖ್ಯ ಮಾರ್ಗಕ್ಕೆ ಮರಳಿತ್ತು.

ಆದರೆ ಬಂದದ್ದು ಆಟಿಕೆಗಳಲ್ಲಿ, ಕ್ಯಾಲೆಂಡರ್ ಚಿತ್ರಗಳಲ್ಲಿ ಜನ ನೋಡಿ ಬೆಳೆದ ಎಂಜಿನ್ ಅಲ್ಲ. ಆ ಎಂಜಿನ್ನಿನ ಬಣ್ಣ ಹಸಿರು ಸೇಬಿನದು, ಸಂಖ್ಯೆ 4472, ಮುಂಭಾಗ ಬೋಳು. ಬಂದ ಎಂಜಿನ್ನಿನದು ಕಪ್ಪಿಗೆ ತಿರುಗಿದ ಹಸಿರು, ಸಂಖ್ಯೆ 60103, ಹೊಗೆಕೊಳವೆಯ ಅಕ್ಕಪಕ್ಕ ಆನೆಯ ಕಿವಿಗಳಂತೆ ನಿಂತ ಎರಡು ತಗಡು. ಎಂಜಿನ್ನಿನ ಒಡೆತನ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ್ದು. ಇತಿಹಾಸಕ್ಕೆ ನಿಷ್ಠವಾಗಿರಬೇಕಾದ ಸಂಸ್ಥೆಯೇ ಜನರ ನೆನಪಿನ ಬಣ್ಣವನ್ನು ಕೈಬಿಟ್ಟದ್ದೇಕೆ? ಅದು ಸರಿಯೇ ತಪ್ಪೇ ಎಂಬ ತರ್ಕ ಉಗಿ ಎಂಜಿನ್ ಪ್ರೇಮಿಗಳ ನಡುವೆ ಇನ್ನೂ ಮುಗಿದಿಲ್ಲ. ಸಂಗ್ರಹಾಲಯ ಮಾಡಿದ್ದು ಸರಿ ಎಂಬುದು ನನ್ನ ಪಕ್ಷ. ಆದರೆ ಕಾರಣ ಬಣ್ಣದಲ್ಲಿಲ್ಲ, ಹೊಗೆಯಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಈ ಎಂಜಿನ್ನಿನ ಜಾತಕ ಸ್ವಲ್ಪ ತಿಳಿದಿರಬೇಕು.

ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ. ವಿನ್ಯಾಸ ನೈಜೆಲ್ ಗ್ರೆಸ್ಲಿಯವರದು, ವರ್ಗ ಎ-1, ಸಂಖ್ಯೆ 1472. ಮೂರು ಸಿಲಿಂಡರ್, 6 ಅಡಿ 8 ಅಂಗುಲ ವ್ಯಾಸದ ಚಾಲಕ ಗಾಲಿಗಳು, ಚದರ ಅಂಗುಲಕ್ಕೆ 180 ಪೌಂಡ್ ಒತ್ತಡದ ಬಾಯ್ಲರ್. ಡಾನ್‌ಕಾಸ್ಟರ್ ಕುದುರೆ ಪಂದ್ಯದ ಊರು. ಈ ವರ್ಗದ ಎಂಜಿನ್ನುಗಳಿಗೆ ಹೆಚ್ಚಾಗಿ ಪಂದ್ಯ ಗೆದ್ದ ಕುದುರೆಗಳ ಹೆಸರೇ ಇಟ್ಟಿದ್ದರು. ಇದಕ್ಕೆ ಮಾತ್ರ ಲಂಡನ್ ಮತ್ತು ಎಡಿನ್‌ಬರೋ ನಡುವೆ ಓಡುತ್ತಿದ್ದ ರೈಲಿನ ಹೆಸರು ಬಂತು. 1924ರಲ್ಲಿ ವೆಂಬ್ಲಿಯ ಸಾಮ್ರಾಜ್ಯ ವಸ್ತುಪ್ರದರ್ಶನದಲ್ಲಿ ಇದನ್ನು ತೊಳೆದು ಹೊಳೆಸಿ ನಿಲ್ಲಿಸಿದರು. ಆ ಹೊತ್ತಿಗಾಗಲೇ ಸಂಖ್ಯೆ 4472 ಆಗಿತ್ತು. 1928ರ ಮೇ 1ರಂದು ಲಂಡನ್ನಿನಿಂದ ಎಡಿನ್‌ಬರೋವರೆಗೆ 392 ಮೈಲಿ ಎಲ್ಲಿಯೂ ನಿಲ್ಲದೆ ಓಡಿತು. 1934ರ ನವೆಂಬರ್ 30ರಂದು ಗಂಟೆಗೆ 100 ಮೈಲಿ ವೇಗ ಮುಟ್ಟಿತು. ಅಧಿಕೃತವಾಗಿ ದಾಖಲಾದ ವೇಗದಲ್ಲಿ ಅಷ್ಟನ್ನು ಮುಟ್ಟಿದ ಮೊದಲ ಉಗಿ ಎಂಜಿನ್ ಇದೇ.

ಇಷ್ಟು ಓದಿದವರು ಹೇಳುವುದು ಸಹಜ: ಹಾಗಾದರೆ 1934ರ ರೂಪಕ್ಕೆ ತನ್ನಿ, ಮುಗಿಯಿತು. ಮುಗಿಯುವುದಿಲ್ಲ.

ಕಾರ್ಖಾನೆಯ ಲೆಕ್ಕವೇ ಬೇರೆ

ಉಗಿ ಎಂಜಿನ್ನಿನ ಬಾಯ್ಲರ್ ದುರಸ್ತಿಗೆ ಅದರ ಕೆಳಗಿನ ಚೌಕಟ್ಟು, ಗಾಲಿ, ಸಿಲಿಂಡರುಗಳ ದುರಸ್ತಿಗಿಂತ ಹೆಚ್ಚು ದಿನ ಬೇಕು. ಅಷ್ಟು ದಿನ ಇಡೀ ಎಂಜಿನ್ನನ್ನು ಮೂಲೆಯಲ್ಲಿ ನಿಲ್ಲಿಸಿದರೆ ರೈಲ್ವೆ ಕಂಪನಿಗೆ ನಷ್ಟ. ಆದ್ದರಿಂದ ಡಾನ್‌ಕಾಸ್ಟರ್‌ನಂಥ ಕಾರ್ಖಾನೆಗಳು ಹೆಚ್ಚುವರಿ ಬಾಯ್ಲರುಗಳನ್ನು ಸಿದ್ಧವಾಗಿಟ್ಟಿರುತ್ತಿದ್ದವು. ಎಂಜಿನ್ ಒಳಗೆ ಬಂದರೆ ಅದರ ಬಾಯ್ಲರನ್ನು ಎತ್ತಿ ಪಕ್ಕಕ್ಕಿಟ್ಟು, ಆಗಲೇ ಸಜ್ಜಾಗಿದ್ದ ಬೇರೊಂದನ್ನು ಕೂರಿಸಿ ಹೊರಗೆ ಕಳಿಸುತ್ತಿದ್ದರು. ಎತ್ತಿಟ್ಟ ಬಾಯ್ಲರ್ ದುರಸ್ತಿಯಾಗಿ ಇನ್ನು ಯಾವುದೋ ಎಂಜಿನ್ನಿನ ಬೆನ್ನೇರುತ್ತಿತ್ತು. ಎಂಜಿನ್ನಿನ ಬೆನ್ನಿಗೇ ಕಲ್ಲಿದ್ದಲು, ನೀರು ಹೊತ್ತು ಬರುವ ಟೆಂಡರ್ ಎಂಬ ಗಾಡಿಗೂ ಇದೇ ಗತಿ. ಹೀಗೆ ನಲವತ್ತು ವರ್ಷ ದುಡಿದ ಎಂಜಿನ್ನಿನಲ್ಲಿ ಹುಟ್ಟುವಾಗ ಇದ್ದ ಲೋಹ ಎಷ್ಟು ಉಳಿದಿರುತ್ತದೆ ಎಂದು ಕೇಳುವುದು ಬೇಡ. ಎಂಜಿನ್ನಿನ ಗುರುತು ಚೌಕಟ್ಟಿಗೆ ಅಂಟಿಕೊಂಡಿರುತ್ತದೆ ಎಂದು ಒಪ್ಪಿಕೊಳ್ಳುವುದು ರೂಢಿ. ಆ ಚೌಕಟ್ಟಿಗೂ ತೇಪೆಗಳು ಬೀಳುತ್ತವೆ.

ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಊರ ತೇರಿನ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಬಟ್ಟೆ ಬಾವುಟ ಪ್ರತಿ ಜಾತ್ರೆಗೂ ಹೊಸದು. ಆದರೂ ಅದು ಮುತ್ತಜ್ಜನ ಕಾಲದ ತೇರೇ, ಯಾರೂ ಹುಬ್ಬೇರಿಸುವುದಿಲ್ಲ. ಎಳೆಯುವುದು ನಿಲ್ಲದ ತನಕ ತೇರು ಹಳೆಯದಾಗಿಯೇ ಇರುತ್ತದೆ. ಪೀಕಲಾಟ ಶುರುವಾಗುವುದು ಎಳೆಯುವುದನ್ನು ನಿಲ್ಲಿಸಿ, ಹಲವು ವರ್ಷ ಬಿಟ್ಟು, ‘ಮೊದಲಿನಂತೆ ಮಾಡೋಣ’ ಎಂದು ಯಾರಾದರೂ ಹೊರಟಾಗ.

ಇನ್ನೊಂದು ತೊಡಕೂ ಇದೆ. 1923ರ ಮೂಲ ವಿನ್ಯಾಸ ಗ್ರೆಸ್ಲಿಯವರಿಗೇ ಸಾಕೆನಿಸಲಿಲ್ಲ. 1925ರಲ್ಲಿ ಪ್ರತಿಸ್ಪರ್ಧಿ ಗ್ರೇಟ್ ವೆಸ್ಟರ್ನ್ ಕಂಪನಿಯ ಪೆಂಡೆನಿಸ್ ಕ್ಯಾಸಲ್ ಎಂಬ ಎಂಜಿನ್ನನ್ನು ಎ-1 ಎಂಜಿನ್ನುಗಳ ಹಳಿಯ ಮೇಲೆಯೇ ಓಡಿಸಿ ಪರೀಕ್ಷಿಸಿದರು. ಗಾತ್ರದಲ್ಲಿ ಚಿಕ್ಕದಾದ ಆ ಎಂಜಿನ್ ಕಡಿಮೆ ಕಲ್ಲಿದ್ದಲಿನಲ್ಲಿ ಅದೇ ಕೆಲಸ ಮಾಡಿ ತೋರಿಸಿತು. ಗುಟ್ಟು ಹೆಚ್ಚಿನ ಒತ್ತಡದಲ್ಲೂ ಕವಾಟಗಳ ಉದ್ದ ನಡೆಯಲ್ಲೂ ಇತ್ತು. ಆಮೇಲೆ ಗ್ರೆಸ್ಲಿಯವರ ಎಂಜಿನ್ನುಗಳ ಕವಾಟದ ವ್ಯವಸ್ಥೆ ಬದಲಾಯಿತು, ಒತ್ತಡ 220 ಪೌಂಡಿಗೆ ಏರಿತು, ಎ-3 ಎಂಬ ಸುಧಾರಿತ ವರ್ಗ ಬಂತು. ಹಳೆಯ ಎ-1ಗಳನ್ನೆಲ್ಲ ಒಂದೊಂದಾಗಿ ಎ-3ಕ್ಕೆ ಏರಿಸಿದರು. ಈ ಕುಟುಂಬದ ಮೊದಲ ಎಂಜಿನ್ ಗ್ರೇಟ್ ನಾರ್ದರ್ನ್ ಮಾತ್ರ ಗ್ರೆಸ್ಲಿಯವರ ಉತ್ತರಾಧಿಕಾರಿಯ ಕೈಗೆ ಸಿಕ್ಕಿ ಗುರುತು ಸಿಗದಷ್ಟು ಬದಲಾಯಿತು. ಸ್ಕಾಟ್ಸ್‌ಮನ್ ಸರದಿ ಬಂದದ್ದು ತೀರ ತಡವಾಗಿ, 1947ರ ಜನವರಿಯಲ್ಲಿ. ಮೂಲ ರೂಪ ಎಂದು ನಾವು ಕೈಮುಗಿಯುವುದು ಅದನ್ನು ರಚಿಸಿದವರೇ ತಿದ್ದಿ ಬದಿಗಿಟ್ಟ ಕರಡನ್ನು.

ಹೊಗೆಯ ಮಾತು

ಈಗ ಆ ಆನೆಯ ಕಿವಿಗಳ ಹತ್ತಿರಕ್ಕೆ ಬರೋಣ.

ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಸುಮ್ಮನೆ ಹೊರಗೆ ಹೋಗುವುದಿಲ್ಲ. ಅದನ್ನು ಚಿಮಣಿಯ ಬುಡದಲ್ಲಿ ಸಣ್ಣ ಬಾಯಿಯ ಮೂಲಕ ಮೇಲಕ್ಕೆ ಚಿಮ್ಮಿಸುತ್ತಾರೆ. ಆ ಚಿಮ್ಮುವಿಕೆ ತನ್ನ ಜೊತೆ ಹೊಗೆಯನ್ನು ಎಳೆದೊಯ್ಯುತ್ತದೆ, ಹೊಗೆ ಹೊರಟ ಜಾಗ ತುಂಬಲು ಒಲೆಯೊಳಗೆ ಗಾಳಿ ನುಗ್ಗುತ್ತದೆ, ಬೆಂಕಿ ಭುಗಿಲೇಳುತ್ತದೆ. ಎಂಜಿನ್ ಎಷ್ಟು ಜೋರಾಗಿ ಎಳೆಯುತ್ತದೋ ಬೆಂಕಿ ಅಷ್ಟು ಜೋರಾಗಿ ಉರಿಯುತ್ತದೆ, ತನಗೆ ತಾನೇ ತಿದಿ ಒತ್ತಿಕೊಳ್ಳುವ ಕುಲುಮೆಯ ಹಾಗೆ. ಬಾಯಿ ಸಣ್ಣದಿದ್ದಷ್ಟೂ ಸೆಳೆತ ಹೆಚ್ಚು. ಆದರೆ ಉಗಿ ಹೊರಹೋಗಲು ತಿಣುಕಬೇಕು, ಆ ತಿಣುಕಾಟ ಪಿಸ್ಟನ್ನಿನ ಬೆನ್ನಿಗೆ ಹಿಂದೊತ್ತಡವಾಗಿ ಕೂರುತ್ತದೆ. ಕಿವಿಗೆ ಇಂಪಾದ ಆ ‘ಛಕ್ ಛಕ್’ ಸದ್ದು ವಾಸ್ತವದಲ್ಲಿ ವ್ಯರ್ಥವಾಗುತ್ತಿರುವ ಶಕ್ತಿಯ ಸದ್ದು.

ಫಿನ್ಲೆಂಡಿನ ಕ್ಯುಲಾಲಾ, ಫ್ರಾನ್ಸಿನ ಆಂದ್ರೆ ಶಾಪ್ಲಾಂ ಎಂಬ ಇಬ್ಬರು ಎಂಜಿನಿಯರರ ಹೆಸರುಗಳು ಕೂಡಿ ಹುಟ್ಟಿದ ‘ಕಿಲ್‌ಚಾಪ್’ ಎಂಬ ಜೋಡಿ ಚಿಮಣಿ ಇದಕ್ಕೆ ಪರಿಹಾರ. ಉಗಿಯನ್ನು ಹಂತಹಂತವಾಗಿ ಹೊಗೆಯೊಡನೆ ಬೆರೆಸಿ, ಎರಡು ಕೊಳವೆಗಳಲ್ಲಿ ಹಗುರವಾಗಿ ಬಿಡುವುದು ಅದರ ಕ್ರಮ. ಸ್ಕಾಟ್ಸ್‌ಮನ್‌ಗೆ ಇದು ಬಂದದ್ದು 1950ರ ದಶಕದ ಕೊನೆಗೆ. ಎಂಜಿನ್ ಚುರುಕಾಯಿತು, ಸದ್ದು ಮೆದುವಾಯಿತು. ಜೊತೆಗೆ ಹೊಸ ಕಾಟವೂ ಬಂತು: ಮೆದುವಾಗಿ ಹೊರಬಿದ್ದ ಹೊಗೆ ಮೇಲಕ್ಕೆ ಚಿಮ್ಮುವ ಬದಲು ಬಾಯ್ಲರಿನ ಮೈಗೆ ಅಂಟಿಕೊಂಡು ಹಿಂದಕ್ಕೆ ಹರಿಯತೊಡಗಿತು. ಚಾಲಕ ಕ್ಯಾಬಿನ ಸಣ್ಣ ಕಿಟಕಿಯಿಂದ ಸಿಗ್ನಲ್ ಹುಡುಕಿದರೆ ಕಾಣುವುದು ಬೂದು ಪರದೆ. ಅದಕ್ಕೆಂದೇ 1961ರ ಕೊನೆಗೆ ಜರ್ಮನ್ ಮಾದರಿಯ ಆ ತಗಡುಗಳನ್ನು ನಿಲ್ಲಿಸಿದರು. ಅವು ಮುಂದಿನ ಗಾಳಿಯನ್ನು ಬಾಚಿ ಮೇಲಕ್ಕೆ ತಳ್ಳುತ್ತವೆ, ಹೊಗೆ ಎದ್ದು ಹೋಗುತ್ತದೆ.

ಅಂದರೆ ತಗಡು ಇರುವುದು ಜೋಡಿ ಚಿಮಣಿಯ ದೆಸೆಯಿಂದ. ಜೋಡಿ ಚಿಮಣಿ ಇರುವ ಕಾಲದಲ್ಲಿ ಎಂಜಿನ್ನಿನ ಸಂಖ್ಯೆ 60103, ಬಣ್ಣ ಬ್ರಿಟಿಷ್ ರೈಲ್ವೇಸ್‌ನ ಕಡು ಹಸಿರು. ಇವೆಲ್ಲ ಒಂದೇ ಗೊಂಚಲು. ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಎಂದೂ ಇಲ್ಲದಿದ್ದ ಎಂಜಿನ್ ಸಿಗುತ್ತದೆ.

ಇಲ್ಲದಿದ್ದ ಎಂಜಿನ್ ಹುಟ್ಟಿದ್ದು ಹೇಗೆ

1963ರ ಜನವರಿ 14ರಂದು ಸ್ಕಾಟ್ಸ್‌ಮನ್ ಸೇವೆಯಿಂದ ನಿವೃತ್ತವಾಯಿತು. ಉಳಿಸಬೇಕಾದ ಎಂಜಿನ್ನುಗಳ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ, ಗುಜರಿಗೆ ಹೋಗಬೇಕಿತ್ತು. ಅಲನ್ ಪೆಗ್ಲರ್ ಎಂಬ ಉದ್ಯಮಿ 3,000 ಪೌಂಡ್ ಕೊಟ್ಟು ಕೊಂಡರು. ಮಗುವಾಗಿದ್ದಾಗ ವೆಂಬ್ಲಿ ಪ್ರದರ್ಶನದಲ್ಲಿ ಈ ಎಂಜಿನ್ನನ್ನು ನೋಡಿದ್ದವರು ಅವರು. ಕೊಂಡ ಮೇಲೆ ಬಾಲ್ಯದ ಆ ಎಂಜಿನ್ನೇ ಬೇಕು ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜೋಡಿ ಚಿಮಣಿ ತೆಗೆಸಿ ಒಂಟಿ ಚಿಮಣಿ ಕೂರಿಸಿದರು, ತಗಡು ಕಿತ್ತರು, ಸೇಬು ಹಸಿರು ಬಳಿಸಿದರು, 4472 ಬರೆಸಿದರು, ಕಾರಿಡಾರ್ ಇರುವ ಟೆಂಡರ್ ಹುಡುಕಿ ತಂದರು.

ಈ ಟೆಂಡರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 392 ಮೈಲಿ ನಿಲ್ಲದೆ ಓಡುವಾಗ ಚಾಲಕರ ಒಂದೇ ತಂಡಕ್ಕೆ ಅಷ್ಟೂ ಹೊತ್ತು ದುಡಿಯುವುದು ಸಾಧ್ಯವಿಲ್ಲ. ಗ್ರೆಸ್ಲಿ ಟೆಂಡರಿನ ಒಂದು ಪಕ್ಕದಲ್ಲಿ, ಕಲ್ಲಿದ್ದಲು ನೀರಿನ ಮಗ್ಗುಲಲ್ಲಿ, 5 ಅಡಿ ಎತ್ತರ 18 ಅಂಗುಲ ಅಗಲದ ಓಣಿ ಕೊರೆಸಿದರು. ಅರ್ಧ ದಾರಿಯಲ್ಲಿ, ಓಡುತ್ತಿರುವ ರೈಲಿನಲ್ಲೇ, ಬೋಗಿಯಲ್ಲಿ ಕುಳಿತಿದ್ದ ಎರಡನೆಯ ತಂಡ ತಲೆ ತಗ್ಗಿಸಿ ಆ ಓಣಿಯಲ್ಲಿ ನುಸುಳಿ ಕ್ಯಾಬಿಗೆ ಬರುತ್ತಿತ್ತು, ಮೊದಲ ತಂಡ ಅದೇ ಓಣಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು. ದಪ್ಪನೆಯ ಚಾಲಕರು ಏನು ಮಾಡುತ್ತಿದ್ದರೋ!

ಪೆಗ್ಲರ್ ಮಾಡಿಸಿದ್ದು ನೋಡಲು ಚೆಲುವಾಗಿತ್ತು, ಇತಿಹಾಸವಾಗಿ ಮಾತ್ರ ಸುಳ್ಳಾಗಿತ್ತು. ಬಾಯ್ಲರ್ ಎ-3ರದು, ಅದರ ಮೇಲಿನ ಡೋಮ್ (ಉಗಿ ಕೂಡಿಕೊಳ್ಳುವ ಗುಮ್ಮಟ) ಹಳೆಯ ದುಂಡನೆಯದಲ್ಲ, ‘ಬ್ಯಾಂಜೊ’ ಎಂದು ಕರೆಯುವ ಉದ್ದನೆಯದು. ಚಾಲಕನ ಜಾಗ 1954ರಲ್ಲೇ ಬಲದಿಂದ ಎಡಕ್ಕೆ ಹೋಗಿತ್ತು, ಅಲ್ಲಿಯೇ ಉಳಿಯಿತು. ಸ್ಕಾಟ್ಸ್‌ಮನ್ 4472 ಆಗಿದ್ದಷ್ಟು ಕಾಲ ಎ-3 ಆಗಿರಲಿಲ್ಲ. 1946ರಲ್ಲೇ ಸಂಖ್ಯೆ ಮೊದಲು 502, ಆಮೇಲೆ 103 ಎಂದು ಬದಲಾಗಿ, ಎ-3 ಆಗುವ ಹೊತ್ತಿಗೆ 4472 ಹಳೆಯ ಕತೆಯಾಗಿತ್ತು. ಪೆಗ್ಲರ್ ಅವರನ್ನು ದೂರುವುದು ನನ್ನಿಂದಾಗದು. ಗುಜರಿಯಿಂದ ಬಿಡಿಸಿಕೊಂಡು ಬಂದವರು ಅವರು. 79 ಎಂಜಿನ್ನುಗಳ ಆ ಇಡೀ ಕುಟುಂಬದಲ್ಲಿ ಉಳಿದಿರುವುದು ಇದೊಂದೇ.

ಆಮೇಲೆ ನಡೆದದ್ದು ಇನ್ನಷ್ಟು ಸ್ವಾರಸ್ಯ. ಈ ‘ಸುಳ್ಳು’ ರೂಪ ತನ್ನದೇ ಇತಿಹಾಸ ಮಾಡಿಕೊಳ್ಳತೊಡಗಿತು. 1969ರಲ್ಲಿ ಗಂಟೆ, ದೊಡ್ಡ ದೀಪ, ಮುಂದೆ ದನ ತಳ್ಳುವ ಕಂಬಿಜಾಲ ಕಟ್ಟಿಕೊಂಡು ಅಮೆರಿಕಕ್ಕೆ ಹೋಯಿತು. ಪೆಗ್ಲರ್ ಅಲ್ಲಿ ದಿವಾಳಿಯಾದರು. 1973ರಲ್ಲಿ ವಿಲಿಯಂ ಮೆಕಾಲ್ಪೈನ್ ಅದನ್ನು ಕೊಂಡು ವಾಪಸ್ ತಂದರು. ಆಸ್ಟ್ರೇಲಿಯಾಕ್ಕೂ ಹೋಗಿ, 1989ರ ಆಗಸ್ಟ್ 8ರಂದು ಪಾರ್ಕ್ಸ್‌ನಿಂದ ಬ್ರೋಕನ್ ಹಿಲ್‌ವರೆಗೆ 422 ಮೈಲಿ ನಿಲ್ಲದೆ ಓಡಿ ಉಗಿ ಎಂಜಿನ್ನುಗಳ ವಿಶ್ವದಾಖಲೆ ಮಾಡಿತು. ಆ ಓಟ ಓಡಿದ್ದು 1928ರ ಎಂಜಿನ್ ಅಲ್ಲ, ಪೆಗ್ಲರ್ ರೂಪಿಸಿದ ಎಂಜಿನ್. ಸೇಬು ಹಸಿರಿನ ಪರವಾಗಿ ವಾದಿಸುವವರು ಬೇಕಿದ್ದರೆ ಇದನ್ನು ಹಿಡಿದು ನಿಲ್ಲಬಹುದಿತ್ತು: ಸಂರಕ್ಷಣೆಯ ಕಾಲವೂ ಇತಿಹಾಸವೇ ಅಲ್ಲವೇ? ಅದು ಗಟ್ಟಿ ವಾದ. ಆದರೆ ಅವರು ಹೆಚ್ಚಾಗಿ ಹೇಳುವುದು ‘ಅದೇ ಮೂಲ ಬಣ್ಣ’ ಎಂದು. ಅಲ್ಲಿ ವಾದ ಕುಸಿಯುತ್ತದೆ.

ಮುಂದಿನ ಒಡೆಯರು ಕಲಸುಮೇಲೋಗರ ಮಾಡಿದರು. 1993ರಲ್ಲಿ ಜೋಡಿ ಚಿಮಣಿ, ತಗಡು, ಕಡು ಹಸಿರು ಮರಳಿ ಬಂದವು. 1999ರಲ್ಲಿ ದೊಡ್ಡ ದುರಸ್ತಿ ಮುಗಿಸಿ ಬಂದಾಗ ಜೋಡಿ ಚಿಮಣಿ ಹಾಗೆಯೇ, ಬಣ್ಣ ಮಾತ್ರ ಸೇಬು ಹಸಿರು, ಸಂಖ್ಯೆ 4472. ಹೊಗೆ ಮತ್ತೆ ಕಾಡಿ, ಕೆಲ ವರ್ಷಗಳಲ್ಲಿ ತಗಡುಗಳೂ ಬಂದವು. 1930ರ ದಶಕದ ಬಣ್ಣದ ಮೇಲೆ 1961ರ ತಗಡು. ಹೊಯ್ಸಳರ ಕಾಲದ ಕಂಬಕ್ಕೆ ಆಯಿಲ್ ಪೇಂಟ್ ಬಳಿದು ಟ್ಯೂಬ್‌ಲೈಟ್ ತೂಗುಹಾಕಿ ‘ಜೀರ್ಣೋದ್ಧಾರ’ ಎಂದು ಫಲಕ ನೆಡುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಬಿಚ್ಚಿದ ಮೇಲೆ ಕಂಡದ್ದು

2004ರಲ್ಲಿ ಸಂಗ್ರಹಾಲಯ 23 ಲಕ್ಷ ಪೌಂಡಿಗೆ ಎಂಜಿನ್ನನ್ನು ಕೊಂಡಿತು. ಹಣದ ದೊಡ್ಡ ಪಾಲು ರಾಷ್ಟ್ರೀಯ ಪರಂಪರೆ ನಿಧಿಯದು, ಉಳಿದದ್ದರಲ್ಲಿ ಸಾರ್ವಜನಿಕರ ವಂತಿಗೆಯೂ ಇತ್ತು. 2006ರಲ್ಲಿ ಬಿಚ್ಚಲು ಶುರು ಮಾಡಿದರು. ವರ್ಷದೊಳಗೆ ಮುಗಿಸಬಹುದು ಎಂದುಕೊಂಡಿದ್ದ ಕೆಲಸ ಹತ್ತು ವರ್ಷ ಹಿಡಿಯಿತು. ಬಣ್ಣ ಬಳಿದು ಇನ್ನೇನು ಹೊರಡಬೇಕು ಎನ್ನುವಾಗ ಚೌಕಟ್ಟಿನ ಭಾಗಗಳಲ್ಲಿ ಬಿರುಕುಗಳು ಕಂಡವು, ಮತ್ತೆ ಬಿಚ್ಚಿದರು. ಕೊನೆಯ ಹಂತದ ಕೆಲಸ ಇಂಗ್ಲೆಂಡಿನ ಬೆರಿ (Bury) ಎಂಬ ಪಟ್ಟಣದ ರೈಲಿ ಅಂಡ್ ಸನ್ ಕಾರ್ಖಾನೆಯಲ್ಲಿ ನಡೆಯಿತು. ಸಂಗ್ರಹಾಲಯದ ಎಡವಟ್ಟು ನನ್ನ ಲೆಕ್ಕದಲ್ಲಿ ಇಲ್ಲಿದೆ, ಬಣ್ಣದಲ್ಲಲ್ಲ. ಹಳೆಯ ಮನೆ ಕೊಳ್ಳುವಾಗ ಗೋಡೆ ತಟ್ಟಿ ನೋಡುವ ನಾವು, ಇಷ್ಟು ಕೈ ಬದಲಾದ ಎಂಜಿನ್ನಿನ ಚೌಕಟ್ಟನ್ನು ಮೊದಲೇ ಕೂಲಂಕಷವಾಗಿ ಅಳೆದಿರಬೇಕು ಎಂದು ನಿರೀಕ್ಷಿಸುವುದು ಅತಿಯಾಗದು.

ಬಾಯ್ಲರ್ ವಿಷಯದಲ್ಲಿ ಮಾತ್ರ ಅವರು ತೆಗೆದುಕೊಂಡ ನಿರ್ಧಾರ ಮೆಚ್ಚುವಂಥದ್ದು. ಅದುವರೆಗೆ ಎಂಜಿನ್ನಿನ ಮೇಲಿದ್ದದ್ದು ಗ್ರೆಸ್ಲಿಯವರದೇ ಇನ್ನೊಂದು ವರ್ಗವಾದ ಎ-4ರ ಬಾಯ್ಲರ್. ಮೂಲತಃ 250 ಪೌಂಡ್ ಒತ್ತಡಕ್ಕೆಂದು ಮಾಡಿದ, ಹೆಚ್ಚು ಬಲದ ಬಾಯ್ಲರ್ ಅದು. ಓಡಿಸುವುದಷ್ಟೇ ಗುರಿಯಾಗಿದ್ದರೆ ಅದನ್ನೇ ಇಟ್ಟುಕೊಳ್ಳಬಹುದಿತ್ತು. ಆದರೆ ಎಂಜಿನ್ನಿನ ಜೊತೆ ಇನ್ನೊಂದು ಬಾಯ್ಲರ್ ಹೆಚ್ಚುವರಿಯಾಗಿ ಬಂದಿತ್ತು, ಸಾಲ್ಮನ್ ಟ್ರೌಟ್ ಎಂಬ ಒಡಹುಟ್ಟು ಎಂಜಿನ್ನಿನದು. (1924ರ ಸೇಂಟ್ ಲೆಜರ್ ಪಂದ್ಯ ಗೆದ್ದ ಕುದುರೆಯ ಹೆಸರು; ಪಂದ್ಯ ನಡೆಯುವುದು ಡಾನ್‌ಕಾಸ್ಟರ್‌ನಲ್ಲೇ.) ಉಳಿದಿರುವ ಎ-3 ಬಾಯ್ಲರ್ ಅದೊಂದೇ. ಬಲ ಕಡಿಮೆಯಾದರೂ ಅದನ್ನೇ ದುರಸ್ತಿ ಮಾಡಿ ಕೂರಿಸಿ, ಎ-4 ಬಾಯ್ಲರನ್ನು ಮಾರಿದರು. ಅದು ಸ್ಕಾಟ್ಸ್‌ಮನ್‌ನ ‘ಸ್ವಂತ’ ಬಾಯ್ಲರ್ ಅಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆದರೆ ಈ ಎಂಜಿನ್ನುಗಳಿಗೆ ಸ್ವಂತ ಬಾಯ್ಲರ್ ಎಂಬುದು ಯಾವತ್ತೂ ಇರಲಿಲ್ಲ. ಕಾರ್ಖಾನೆಯ ಸಾಲಿನಲ್ಲಿ ಎತ್ತಿಟ್ಟು ಎತ್ತಿಟ್ಟು ಬದಲಾದದ್ದೇ ಅವುಗಳ ಬಾಳು. ಒಡಹುಟ್ಟಿನ ಬಾಯ್ಲರ್ ಹೊರುವುದಕ್ಕಿಂತ ಎ-3ಕ್ಕೆ ಒಪ್ಪುವ ಸಂಗತಿ ಇನ್ನೊಂದಿಲ್ಲ.

ಬಾಯ್ಲರ್ ನಿಶ್ಚಯವಾದ ಮೇಲೆ ಬಣ್ಣದ ಪ್ರಶ್ನೆ ತನ್ನಷ್ಟಕ್ಕೆ ಬಗೆಹರಿಯುತ್ತದೆ. ಎ-3 ಬಾಯ್ಲರ್, ಜೋಡಿ ಚಿಮಣಿ, ತಗಡು, ಎಡಗಡೆ ಚಾಲಕ: ಇವೆಲ್ಲ ಒಟ್ಟಿಗಿದ್ದದ್ದು 1961ರ ಕೊನೆಯಿಂದ 1963ರ ಜನವರಿಯವರೆಗೆ, ವರ್ಷಕ್ಕೆ ಕೊಂಚ ಹೆಚ್ಚು ಕಾಲ. ಆ ಕಾಲದ ಬಣ್ಣ ಕಡು ಹಸಿರು, ಸಂಖ್ಯೆ 60103. ನಡುವೆ 2011ರಲ್ಲಿ ಯುದ್ಧಕಾಲದ ಕಪ್ಪು ಬಳಿದು, ಒಂದು ಪಕ್ಕ 103, ಇನ್ನೊಂದು ಪಕ್ಕ 502 ಎಂದು ಬರೆದು ಜನರಿಗೆ ತೋರಿಸಿದ್ದರು. ಅದು ತಾತ್ಕಾಲಿಕ ವೇಷವಾಗಿತ್ತು. 1934ರ ರೂಪ ಬೇಕೆಂದರೆ 180 ಪೌಂಡಿನ ಬಾಯ್ಲರನ್ನು ಹೊಸದಾಗಿ ಕಟ್ಟಬೇಕು, ಚಾಲಕನ ಹಿಡಿಕೆಗಳನ್ನೆಲ್ಲ ಬಲಕ್ಕೆ ಸಾಗಿಸಬೇಕು, ಇರುವ ಏಕೈಕ ಎ-3 ಬಾಯ್ಲರನ್ನು ಉಗ್ರಾಣಕ್ಕೆ ಕಳಿಸಬೇಕು. ಉಳಿದಿರುವ ಒಂದೇ ಎ-3ನ್ನು ಕೆಡವಿ ಹೊಸ ಎ-1 ಕಟ್ಟಿದಂತಾಗುತ್ತದೆ.

ಹೊಸದಾಗಿ ಕಟ್ಟುವುದು ತಪ್ಪೆಂದಲ್ಲ. ಡಾರ್ಲಿಂಗ್ಟನ್‌ನಲ್ಲಿ 2008ರಲ್ಲಿ ಟೊರ್ನಾಡೊ ಎಂಬ ಎಂಜಿನ್ನನ್ನು ಪೂರ್ತಿ ಹೊಸದಾಗಿ ಕಟ್ಟಿ ಮುಗಿಸಿದರು. ಅದರ ವಿನ್ಯಾಸ 1940ರ ದಶಕದ್ದು. ಆ ಬಗೆಯ ಒಂದು ಎಂಜಿನ್ನೂ ಉಳಿದಿರಲಿಲ್ಲ. ಬಾಯ್ಲರ್ ಜರ್ಮನಿಯ ಮೈನಿಂಗನ್‌ನಲ್ಲಿ ತಯಾರಾಯಿತು, ರಿವೆಟ್ ಬದಲು ಬೆಸುಗೆಯಲ್ಲಿ. ಅದಕ್ಕೆ 60163 ಎಂದು ಆ ಸಾಲಿನ ಮುಂದಿನ ಸಂಖ್ಯೆಯನ್ನೇ ಕೊಟ್ಟರು. ತಾನು ಹಳೆಯದೆಂದು ಅದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ, ಹಾಗಾಗಿ ಜಗಳವೂ ಇಲ್ಲ. 1829ರ ರಾಕೆಟ್ ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಅದರ ಸಿಲಿಂಡರುಗಳನ್ನು ಸೇವೆಯ ಕಾಲದಲ್ಲೇ ಕೆಳಕ್ಕೆ ಇಳಿಸಿ ಕೂರಿಸಿದ್ದರು. ಆ ಬದಲಾದ ರೂಪದಲ್ಲೇ ಅದನ್ನು ತಣ್ಣಗೆ ಇಟ್ಟು, ಓಡುವ ಕೆಲಸವನ್ನು ಪ್ರತಿಕೃತಿಗೆ ಬಿಟ್ಟಿದ್ದಾರೆ.

ಸ್ಕಾಟ್ಸ್‌ಮನ್‌ಗೆ ಆ ನೆಮ್ಮದಿ ಇಲ್ಲ, ಅದು ಓಡಬೇಕು. ಮುಖ್ಯ ಮಾರ್ಗದಲ್ಲಿ ಓಡಬೇಕೆಂದರೆ ಕ್ಯಾಬಿನಲ್ಲಿ ಸಿಗ್ನಲ್ ಎಚ್ಚರಿಕೆಯ ಪೆಟ್ಟಿಗೆ, ಕೆಂಪು ದೀಪ ದಾಟಿದರೆ ತಾನಾಗಿ ಬ್ರೇಕ್ ಹಾಕುವ ಸಾಧನ, ಓಟದ ವಿವರ ದಾಖಲಿಸುವ ಯಂತ್ರ, ರೇಡಿಯೊ ಎಲ್ಲವೂ ಇರಲೇಬೇಕು. ವೇಗದ ಮಿತಿ ಗಂಟೆಗೆ 75 ಮೈಲಿ; ನೂರು ಮುಟ್ಟಿದ ಎಂಜಿನ್ನಿಗೆ. ಓಡುತ್ತಲೇ ನೀರು ಮೊಗೆದುಕೊಳ್ಳಲು ಹಳಿಗಳ ನಡುವೆ ಇದ್ದ ತೊಟ್ಟಿಗಳು ಉಗಿಯುಗದ ಜೊತೆಗೇ ಹೋದವು. ಇಂಥವನ್ನೆಲ್ಲ ಸುಳ್ಳು ಎನ್ನಲಾರೆ. ಅವು ಇತಿಹಾಸದ ವೇಷ ಹಾಕಿಕೊಂಡಿಲ್ಲ, ನೋಡಿದವರಿಗೆ ಇಂದಿನವು ಎಂದು ಗೊತ್ತಾಗುತ್ತದೆ, ಬೇಡವಾದ ದಿನ ಬಿಚ್ಚಿಡಬಹುದು.

1928ರ ಮೇ 1ರಂದು ಎಡಿನ್‌ಬರೋ ಕಡೆಗೆ ಹೊರಟಾಗ ಚಾಲಕ ಕುಳಿತದ್ದು ಕ್ಯಾಬಿನ ಬಲಗಡೆ. ಅವನ ಮುಂದೆ ದುಂಡು ಡೋಮಿನ ಬಾಯ್ಲರ್, ಅದರಾಚೆ ಒಂಟಿ ಚಿಮಣಿ, ಬೆನ್ನ ಹಿಂದೆ 18 ಅಂಗುಲದ ಓಣಿ. 2016ರಲ್ಲಿ ಯಾರ್ಕ್‌ಗೆ ಹೊರಟಾಗ ಚಾಲಕ ಕುಳಿತದ್ದು ಎಡಗಡೆ. ಬೆನ್ನ ಹಿಂದಿನ ಟೆಂಡರಿನಲ್ಲಿ ಓಣಿ ಈಗಲೂ ಇದೆ; 60103 ಎಂಬ ಸಂಖ್ಯೆ ಹೊತ್ತು ದುಡಿದ ವರ್ಷಗಳಲ್ಲಿ ಮಾತ್ರ ಈ ಎಂಜಿನ್ನಿನ ಹಿಂದೆ ಅಂಥ ಓಣಿ ಇರಲಿಲ್ಲ.